ಪಾಪನಿವೇದನೆ ಮುಗಿಯುವುದು ಎಲ್ಲಿ?



ಹರಿಹರದ ಆರೋಗ್ಯಮಾತೆಯ ಮಹೋತ್ಸವಕ್ಕೆ ಇನ್ನು ಕೆಲವೇ ವಾರಗಳು ಉಳಿದಿವೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನವನ್ನು ಧರ್ಮಸಭೆ ಕೊಂಡಾಡುತ್ತದೆ. ಅದಕ್ಕೆ ಮುನ್ನಿನ ನವೇನ ಪ್ರಾರ್ಥನೆಯ ದಿನಗಳಲ್ಲಿ ತುಂಗಭದ್ರೆಯ ದಡದ ಆ ಊರಿಗೆ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗಗಳ ಕಡೆಯಿಂದ ಕುಟುಂಬಕ್ಕೆ ಕುಟುಂಬವೇ ಹೊರಟು ಬರುತ್ತದೆ. ಕ್ರೈಸ್ತರಲ್ಲದ ಸಹೋದರ ಸಹೋದರಿಯರೂ ಮೇಣದಬತ್ತಿ ಹಿಡಿದು ಮಾತೆಯ ಮುಂದೆ ನಿಲ್ಲುತ್ತಾರೆ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರವನ್ನು ಹರಕೆ ಹೊತ್ತು ಕಾಲ್ನಡಿಗೆಯಲ್ಲೇ ಕ್ರಮಿಸುವವರೂ ಉಂಟು.

ಆ ದಿನಗಳಲ್ಲಿ ಗುರುಗಳಾದ ನಮಗೆ ಅತ್ಯಂತ ಹೆಚ್ಚಿನ ಕೆಲಸವೆಂದರೆ ಪಾಪನಿವೇದನೆ ಕೇಳುವುದು. ಒಬ್ಬರ ಹಿಂದೊಬ್ಬರಂತೆ ಸಾಲು ನಿಂತ ಜನರು ಮೊಣಕಾಲೂರಿ, ಕ್ಷಮೆ ಪಡೆದು, ಹಗುರವಾದ ಮುಖದೊಡನೆ ಎದ್ದು ಹೋಗುವುದನ್ನು ಕಾಣುವುದು ಗುರುವಿನ ಜೀವನದ ದೊಡ್ಡ ಸಮಾಧಾನಗಳಲ್ಲಿ ಒಂದು. ಆದರೂ ಆ ಸಾಲನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಸಾಲು ದೇವಾಲಯದಲ್ಲೇ ಕೊನೆಗೊಳ್ಳುತ್ತದೆಯೇ? ಇಲ್ಲವೇ ನಾವು ನೋಯಿಸಿದವರ ಮನೆಯ ಬಾಗಿಲಿನವರೆಗೂ ಮುಂದುವರಿಯುತ್ತದೆಯೇ?

ಪಾಪನಿವೇದನೆಯಲ್ಲಿ ಕೇಳಿದ ಒಂದು ಮಾತನ್ನೂ ಗುರುವು ಯಾರಿಗೂ, ಯಾವ ಕಾರಣಕ್ಕೂ, ಮಾತಿನಿಂದಾಗಲಿ ಸಂಜ್ಞೆಯಿಂದಾಗಲಿ ತಿಳಿಸುವಂತಿಲ್ಲ. 1983ರ ಧರ್ಮಸಭೆಯ ಸಂಹಿತೆಯ 983ನೆಯ ನಿಯಮ ಈ ಮುದ್ರೆಯನ್ನು ಅಲಂಘ್ಯವೆಂದು ಸಾರುತ್ತದೆ. ನೇರವಾಗಿ ಅದನ್ನು ಮುರಿದ ಗುರುವು ಆ ಕ್ಷಣದಲ್ಲೇ ಧರ್ಮಸಭೆಯಿಂದ ಬಹಿಷ್ಕೃತನಾಗುತ್ತಾನೆ. ಆದುದರಿಂದ ಇಲ್ಲಿ ಬರೆಯುತ್ತಿರುವುದು ಪಾಪನಿವೇದನಾ ಪೀಠದಲ್ಲಿ ಕೇಳಿದ್ದಲ್ಲ. ನಿಮ್ಮ ಮನೆಗಳ ಪಡಸಾಲೆಯಲ್ಲಿ, ಸಾವಿನ ಮನೆಗಳಲ್ಲಿ, ಮದುವೆಯ ಚಪ್ಪರದಲ್ಲಿ ನಾನು ಕಣ್ಣಾರೆ ಕಂಡದ್ದು. ಒಂದೇ ತಾಯಿಯ ಮಕ್ಕಳು ಭಾನುವಾರದ ಬಲಿಪೂಜೆಯಲ್ಲಿ ದೇವಾಲಯದ ಆಚೆ ಬದಿಗೊಬ್ಬರು, ಈಚೆ ಬದಿಗೊಬ್ಬರು ಕುಳಿತು, ಇಬ್ಬರೂ ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದು ಮುಖ ತಿರುಗಿಸಿ ಹೋಗುವುದನ್ನು ನೋಡಿದ್ದೇನೆ. ಇಬ್ಬರೂ ಆ ವಾರವೇ ಪಾಪನಿವೇದನೆ ಮಾಡಿರಬಹುದು. ಹಾಗಾದರೆ ನಡೆದದ್ದು ಏನು, ನಡೆಯದೆ ಉಳಿದದ್ದು ಏನು?

ಈ ಪ್ರಶ್ನೆಗೆ ಶುಭಸಂದೇಶದ ಉತ್ತರ ಸಂದಿಗ್ಧವಾದುದಲ್ಲ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಿರುವಾಗ ಸಹೋದರನಿಗೆ ನಿನ್ನ ವಿರುದ್ಧ ಮನಸ್ತಾಪವಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಂಧಾನ ಮಾಡಿಕೊಂಡು ಬಾ ಎನ್ನುತ್ತಾರೆ ಪ್ರಭು ಯೇಸು (ಮತ್ತಾಯ 5). ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಿನಗೆ ಅವನ ಮೇಲೆ ಕೋಪವಿದ್ದರೆ ಎಂದು ಪ್ರಭು ಹೇಳಲಿಲ್ಲ. ಅವನಿಗೆ ನಿನ್ನ ಮೇಲೆ ದೂರು ಇದ್ದರೆ ಎಂದರು. ನನ್ನ ಮನಸ್ಸು ಶಾಂತವಾಗಿದೆ, ನಾನು ಯಾರನ್ನೂ ದ್ವೇಷಿಸುತ್ತಿಲ್ಲ ಎಂಬ ಸಮಾಧಾನ ಸಾಲದು. ನನ್ನಿಂದ ನೊಂದವರು ಇನ್ನೂ ನೋಯುತ್ತಿದ್ದಾರೆಯೇ ಎಂಬುದೇ ಅಲ್ಲಿ ಕೇಳಲಾದ ಪ್ರಶ್ನೆ.

ಜಕ್ಕಾಯನ ಪ್ರಸಂಗವನ್ನೂ ನೆನೆಯಿರಿ (ಲೂಕ 19). ಸುಂಕದವರ ಮುಖ್ಯಸ್ಥನಾದ ಅವನಿಗೆ ಪ್ರಭು ಯಾವ ಬೋಧನೆಯನ್ನೂ ಮಾಡಲಿಲ್ಲ. ಅವನ ಮನೆಗೆ ಅತಿಥಿಯಾಗಿ ಹೋದರು, ಅಷ್ಟೆ. ಆತನೇ ಎದ್ದು ನಿಂತು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳಿದನು. ಈ ಮನೆಗೆ ರಕ್ಷಣೆ ಬಂದಿತೆಂದು ಪ್ರಭು ಸಾರಿದ್ದು ಆ ಮಾತಿನ ನಂತರ. ಕ್ಷಮೆಗೆ ಬೆಲೆ ಕಟ್ಟಲಾಗದು, ಅದು ದೇವರ ಉಚಿತ ವರ. ಆದರೆ ಆ ವರ ನಿಜವಾಗಿ ಮನೆಯೊಳಗೆ ಬಂದಿದೆ ಎಂಬುದಕ್ಕೆ ಗುರುತು, ಕಿತ್ತುಕೊಂಡದ್ದು ಹಿಂದಕ್ಕೆ ಹೋಗುವುದು. ಯೆಹೂದ್ಯ ಗುರುಗಳೂ ತಮ್ಮ ಪ್ರಾಯಶ್ಚಿತ್ತ ದಿನದ ಬಗ್ಗೆ ಇದನ್ನೇ ಬೋಧಿಸಿದರು. ದೇವರ ವಿರುದ್ಧ ಮಾಡಿದ ತಪ್ಪನ್ನು ಆ ದಿನ ತೊಳೆಯುತ್ತದೆ. ನೆರೆಯವನ ವಿರುದ್ಧ ಮಾಡಿದ ತಪ್ಪನ್ನು, ಆ ನೆರೆಯವನನ್ನು ಸಮಾಧಾನಪಡಿಸುವವರೆಗೆ, ಆ ದಿನವೂ ತೊಳೆಯದು.

ಧರ್ಮಸಭೆಯ ಇತಿಹಾಸವನ್ನು ತಿರುವಿ ನೋಡಿದರೆ ಈ ಸಂಸ್ಕಾರದ ರೂಪ ಕಾಲದಿಂದ ಕಾಲಕ್ಕೆ ಬದಲಾಗಿರುವುದು ಕಾಣುತ್ತದೆ. ಆದಿ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ವಿಶ್ವಾಸತ್ಯಾಗಗಳಂತಹ ಘೋರ ಪಾಪಗಳಿಗೆ ಪ್ರಾಯಶ್ಚಿತ್ತ ಬಹಿರಂಗವಾಗಿಯೇ ನಡೆಯುತ್ತಿತ್ತು. ಪಾಪಿಯು ಸಭೆಯೆದುರು ಪ್ರತ್ಯೇಕವಾಗಿ ನಿಂತು, ದೀರ್ಘಕಾಲ ತಪಸ್ಸು ಮಾಡಿ, ಧರ್ಮಾಧ್ಯಕ್ಷರ ಹಸ್ತದಿಂದ ಮರಳಿ ಸಭೆಗೆ ಸೇರುತ್ತಿದ್ದನು. 390ರಲ್ಲಿ ಥೆಸಲೋನಿಕದ ಜನರ ಹತ್ಯೆಗೆ ಕಾರಣನಾದ ಚಕ್ರವರ್ತಿ ಥಿಯೊದೋಸಿಯುಸನನ್ನು ಮಿಲಾನಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಪರಮಪ್ರಸಾದದಿಂದ ದೂರವಿಟ್ಟು ಬಹಿರಂಗ ಪ್ರಾಯಶ್ಚಿತ್ತಕ್ಕೆ ಒಳಪಡಿಸಿದರು. ಸಾಮ್ರಾಟನೂ ಆ ನಿಯಮಕ್ಕೆ ಹೊರತಾಗಿರಲಿಲ್ಲ.

ಗುರುವಿನ ಮುಂದೆ ಗುಟ್ಟಾಗಿ, ಪದೇ ಪದೇ ಮಾಡಬಹುದಾದ ಪಾಪನಿವೇದನೆಯನ್ನು ಯೂರೋಪಿನಲ್ಲಿ ಹರಡಿದವರು ಮುಖ್ಯವಾಗಿ ಐರ್ಲೆಂಡಿನ ಸನ್ಯಾಸಿಗಳು. ಯಾವ ಪಾಪಕ್ಕೆ ಯಾವ ಪ್ರಾಯಶ್ಚಿತ್ತ ಎಂಬುದನ್ನು ಅವರು ಕೈಪಿಡಿಗಳಲ್ಲಿ ಬರೆದಿಟ್ಟರು. ಏಳನೆಯ ಶತಮಾನದ ಕುಮ್ಮಿಯಾನರ ಕೈಪಿಡಿಯಲ್ಲಿ ಜಗಳವಾಡಿ ಇನ್ನೊಬ್ಬನನ್ನು ಹೊಡೆದು ಕೆಲಸಕ್ಕೆ ಬಾರದಂತೆ ಮಾಡಿದವನಿಗೆ ವಿಧಿಸಿದ್ದನ್ನು ನೋಡಿರಿ. ಆತ ಗಾಯಗೊಂಡವನ ಚಿಕಿತ್ಸೆಯ ವೆಚ್ಚ ಭರಿಸಬೇಕು, ಅಂಗ ಊನವಾಗಿದ್ದರೆ ಪರಿಹಾರ ಕೊಡಬೇಕು, ಅವನು ಗುಣವಾಗುವವರೆಗೆ ಅವನ ಕೆಲಸವನ್ನು ತಾನೇ ಮಾಡಬೇಕು. ನಿವೇದನೆ ಗುಟ್ಟಾಗಿ ನಡೆದರೂ ಪ್ರಾಯಶ್ಚಿತ್ತ ನೊಂದವನ ಹೊಲದಲ್ಲೇ ನಡೆಯುತ್ತಿತ್ತು.

1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. 1551ರಲ್ಲಿ ತ್ರೆಂತ್ ಮಹಾಸಭೆ ಪಶ್ಚಾತ್ತಾಪ, ನಿವೇದನೆ, ಪರಿಹಾರ ಈ ಮೂರೂ ಸೇರಿದಾಗಲೇ ಪಶ್ಚಾತ್ತಾಪಿಯ ಪಾಲಿನ ಕಾರ್ಯ ಪೂರ್ಣವೆಂದು ಬೋಧಿಸಿತು. ಅದೇ ಶತಮಾನದಲ್ಲಿ ಮಿಲಾನಿನ ಸಂತ ಚಾರ್ಲ್ಸ್ ಬೊರೊಮೆಯೊರವರಿಂದ ಜಾಲರಿಯುಳ್ಳ ಪಾಪನಿವೇದನಾ ಪೀಠ ರೂಢಿಗೆ ಬಂದಿತು. ಅದು ನಾಚಿಕೆಪಡುವವರಿಗೆ ಆಸರೆಯಾಯಿತು, ದುರ್ಬಲರಿಗೆ ರಕ್ಷಣೆಯಾಯಿತು. ಆದರೆ ಕಾಲಕ್ರಮೇಣ ಮೂರನೆಯ ಅಂಗವಾದ ಪರಿಹಾರವು ಮೂರು ನಮೋ ಮರಿಯ ಪ್ರಾರ್ಥನೆಗಳಿಗೆ ಕುಗ್ಗಿತು. ಈ ತಪ್ಪಿನಲ್ಲಿ ನಿಮಗಿಂತ ಗುರುಗಳಾದ ನಮ್ಮ ಪಾಲೇ ದೊಡ್ಡದು. ಸಾಲು ಉದ್ದವಾಗಿದೆ, ಬಲಿಪೂಜೆಗೆ ಗಂಟೆ ಬಾರಿಸುತ್ತಿದೆ ಎಂಬ ಅವಸರದಲ್ಲಿ ನಾವು ಕೇಳಬೇಕಾದದ್ದನ್ನು ಕೇಳುವುದಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ ಈ ಲೋಪವನ್ನು ಗುರುತಿಸಿತು. ಈ ಸಂಸ್ಕಾರವನ್ನು ಸ್ವೀಕರಿಸುವವರು ದೇವರಿಂದ ಕ್ಷಮೆ ಪಡೆಯುವುದರ ಜೊತೆಗೆ ತಮ್ಮ ಪಾಪದಿಂದ ಗಾಯಗೊಂಡ ಧರ್ಮಸಭೆಯೊಡನೆಯೂ ಸಂಧಾನ ಹೊಂದುತ್ತಾರೆ ಎಂದು 1964ರಲ್ಲಿ ಬೋಧಿಸಿತು. 1973ರ ಡಿಸೆಂಬರ್ 2ರಂದು ಹೊರಬಂದ ಪರಿಷ್ಕೃತ ವಿಧಿಯು ಒಬ್ಬನ ಪಾಪ ಎಲ್ಲರಿಗೂ ಹಾನಿ ತರುವುದರಿಂದ ಪ್ರಾಯಶ್ಚಿತ್ತದಲ್ಲಿ ಸಹೋದರರೊಡನೆ ಸಂಧಾನವೂ ಅಡಗಿದೆ ಎಂದಿತು. ನಮ್ಮ ದೇಶಕ್ಕೆ ಅದಕ್ಕೂ ಮುನ್ನ 1969ರ ಏಪ್ರಿಲ್ 25ರಂದು ರೋಮ್ ಅನುಮೋದಿಸಿದ ಹನ್ನೆರಡು ಅಂಶಗಳಲ್ಲಿ, ಪೂಜೆಯ ಆರಂಭದ ಪಶ್ಚಾತ್ತಾಪ ವಿಧಿಯಲ್ಲಿ ಪಂಚಾಂಗ ಪ್ರಣಾಮಕ್ಕೂ, ಶಾಂತಿವಂದನೆಯಲ್ಲಿ ಅಂಜಲಿ ಹಸ್ತಕ್ಕೂ ಎಡೆ ದೊರಕಿತು. ಕೈಜೋಡಿಸಿ ನೆರೆಯವರಿಗೆ ಬಾಗುವ ಆ ಕ್ಷಣ, ಪರಮಪ್ರಸಾದಕ್ಕೆ ಮುನ್ನ ಇರುವ ಕೊನೆಯ ಬಾಗಿಲು. ಪಕ್ಕದಲ್ಲಿರುವ ಅಪರಿಚಿತರಿಗೆ ಕೈಮುಗಿದು, ಆಚೆ ಬದಿಯಲ್ಲಿ ಕುಳಿತ ಒಡಹುಟ್ಟಿದವನ ಕಡೆ ಕಣ್ಣೆತ್ತದಿದ್ದರೆ ಆ ಬಾಗಿಲನ್ನು ನಾವು ದಾಟಿದಂತಾಯಿತೇ?

ಹಾಗಾದರೆ ನೊಂದವರ ಬಳಿಗೆ ನೇರವಾಗಿ ಹೋದರೆ ಸಾಕಲ್ಲವೇ, ಗುರುವಿನ ಬಳಿ ಏಕೆ ಹೋಗಬೇಕು ಎಂದು ನಮ್ಮ ಕಾಲೇಜಿನ ಯುವಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಕ್ರಿಸ್ತನಿಗಿಂತ ನಾಲ್ಕು ಶತಮಾನಗಳ ಹಿಂದೆ ಪ್ಲೇಟೋ ತನ್ನ 'ಗೋರ್ಗಿಯಸ್' ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಒಂದು ಮಾತು ಹೇಳಿಸುತ್ತಾನೆ. ಅನ್ಯಾಯ ಮಾಡಿದವನು ರೋಗಿಯು ವೈದ್ಯನ ಬಳಿಗೆ ಓಡುವಂತೆ ತಾನಾಗಿಯೇ ನ್ಯಾಯಾಧೀಶನ ಬಳಿಗೆ ಓಡಬೇಕು. ಅಡಗಿಸಿಟ್ಟ ಅನ್ಯಾಯ ಆತ್ಮದಲ್ಲಿ ಹುಣ್ಣಾಗಿ ಬೆಳೆಯುತ್ತದೆ ಎಂಬುದು ಅದರ ಸಾರ. ತನ್ನ ತಪ್ಪನ್ನು ತಾನೇ ವಿಚಾರಣೆ ಮಾಡುವ ಮನುಷ್ಯ ತನಗೇ ವಕೀಲನಾಗಿಬಿಡುತ್ತಾನೆ. ಬಾಯಿಬಿಟ್ಟು, ಇನ್ನೊಬ್ಬನ ಕಿವಿಗೆ ಬೀಳುವಂತೆ ಹೇಳಿದಾಗಲೇ ತಪ್ಪಿಗೆ ಅದರ ನಿಜವಾದ ಹೆಸರು ಬರುತ್ತದೆ. ಮಾಡಿದ್ದನ್ನು ಮಾಡದಂತಾಗಿಸುವ ಶಕ್ತಿ ಮನುಷ್ಯನಿಗಿಲ್ಲ. ಹನ್ನಾ ಅರೆಂಟ್ ಎಂಬ ಯೆಹೂದ್ಯ ಚಿಂತಕಿ 1958ರ ತಮ್ಮ ಗ್ರಂಥದಲ್ಲಿ ಈ ಅಸಹಾಯಕತೆಗೆ ಇರುವ ಮದ್ದು ಕ್ಷಮೆಯೊಂದೇ ಎಂದು ವಾದಿಸಿ, ಮಾನವ ವ್ಯವಹಾರದಲ್ಲಿ ಅದರ ಸ್ಥಾನವನ್ನು ಕಂಡುಹಿಡಿದವರು ನಜರೇತಿನ ಯೇಸುವೇ ಎಂದು ಬರೆದರು. ಪಾಪನಿವೇದನಾ ಪೀಠದಲ್ಲಿ ದೇವರ ಕ್ಷಮೆಯು ನಮ್ಮ ಕಿವಿಗೆ ಕೇಳುವ ಮಾತಾಗಿ ಬರುತ್ತದೆ. ಆ ಮಾತಿನಿಂದ ದೊರೆತ ಧೈರ್ಯವಿಲ್ಲದೆ, ನಾವು ನೋಯಿಸಿದವರ ಬಾಗಿಲು ತಟ್ಟಲು ನಮಗೆ ಕಾಲೇ ಬಾರದು. ಆದುದರಿಂದ ಒಂದನ್ನು ಬಿಟ್ಟು ಇನ್ನೊಂದಲ್ಲ, ಒಂದರಿಂದ ಇನ್ನೊಂದಕ್ಕೆ.

ನಮ್ಮ ನೆರೆಹೊರೆಯಿಂದಲೂ ಕಲಿಯಬೇಕಾದದ್ದಿದೆ. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುತ್ತಾ ಬಂದಿರುವ ಸದ್ಧರ್ಮ ನ್ಯಾಯಪೀಠವನ್ನು ದಾವಣಗೆರೆ ಸೀಮೆಯವರಾದ ನಿಮಗೆ ಪರಿಚಯಿಸಬೇಕಾಗಿಲ್ಲ. ಆಸ್ತಿಯ ವ್ಯಾಜ್ಯ, ಗಂಡಹೆಂಡಿರ ಕಲಹ, ಅಣ್ಣತಮ್ಮಂದಿರ ಹಗೆ ಇವುಗಳನ್ನು ಹೊತ್ತ ಜನರು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಸ್ವಾಮೀಜಿಯವರ ಮುಂದೆ ಎದುರುಬದುರಾಗಿ ನಿಲ್ಲಬೇಕು. ತಪ್ಪು ಮಾಡಿದವನು ತನ್ನಿಂದ ಹಾನಿಗೊಳಗಾದವನ ಮುಖವನ್ನು ನೋಡಲೇಬೇಕು. ನಮ್ಮದು ಸಂಸ್ಕಾರ, ಅದು ನ್ಯಾಯತೀರ್ಮಾನ. ಎರಡೂ ಒಂದೇ ಅಲ್ಲ ನಿಜ. ಆದರೆ ಜಾಲರಿಯ ಹಿಂದೆ ಗುರುವಿನ ಕಿವಿ ಮಾತ್ರ ಇರುವಾಗ, ನೊಂದವನ ಮುಖ ನಮಗೆ ಮರೆತುಹೋಗುವ ಅಪಾಯವಿದೆ ಎಂಬ ಎಚ್ಚರವನ್ನು ಆ ಪೀಠದಿಂದ ನಾವು ಪಡೆಯಬಹುದು.

ಈ ಮಾತನ್ನು ಈಗ ನಮ್ಮ ಬದುಕಿಗೆ ಹತ್ತಿರ ತರೋಣ. ಶಾಮನೂರು ಒಂದು ಕಾಲಕ್ಕೆ ದಾವಣಗೆರೆಯ ಪಕ್ಕದ ಹಳ್ಳಿ. ಇಂದು ನಗರದ ಭಾಗ. ಭದ್ರಾ ನಾಲೆಯ ಸೀಮೆಯ ಎಷ್ಟೋ ಗದ್ದೆಗಳು ಬಡಾವಣೆಗಳಾದವು, ಗುಂಟೆಯ ಲೆಕ್ಕ ಚದರಡಿಯ ಲೆಕ್ಕವಾಯಿತು. ಅಪ್ಪ ಅಗ್ಗಕ್ಕೆ ಕೊಂಡಿದ್ದ ನಿವೇಶನ ಮಕ್ಕಳ ಕಾಲಕ್ಕೆ ಲಕ್ಷಾಂತರ ಬೆಲೆ ಬಾಳತೊಡಗಿದಾಗ ಒಡಹುಟ್ಟಿದವರ ಮಧ್ಯೆ ಗೋಡೆ ಎದ್ದಿತು. ಇದರಲ್ಲಿ ಹೆಚ್ಚು ಸೋತವರು ಹೆಣ್ಣುಮಕ್ಕಳು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ, ಮರಣಶಾಸನ ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಆದರೆ ನಡೆಯುವುದೇನು? ಮದುವೆಗೆ ಖರ್ಚು ಮಾಡಿದ್ದೇವಲ್ಲ, ತವರಿನ ಬಾಗಿಲು ಮುಂದೆಯೂ ತೆರೆದಿರಬೇಕಲ್ಲ ಎಂಬ ಮೆಲುಮಾತಿನ ಬೆದರಿಕೆಯೊಡನೆ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಬೀಳುತ್ತದೆ. ರಿಜಿಸ್ಟ್ರಾರ್ ಕಚೇರಿಯಿಂದ ಹೊರಬಂದ ಅಣ್ಣತಮ್ಮಂದಿರಿಗೆ ಅದು ಪಾಪವೆಂದೇ ತೋರುವುದಿಲ್ಲ. ಆತ್ಮಶೋಧನೆ ಮಾಡುವಾಗ ಒಂದು ಭಾನುವಾರದ ಪೂಜೆ ತಪ್ಪಿದ್ದು ನೆನಪಾಗುತ್ತದೆ. ತಂಗಿಯ ಪಾಲು ತಪ್ಪಿಸಿದ್ದು ನೆನಪಾಗುವುದಿಲ್ಲ.

ಇದನ್ನು ಬೇರೆಯವರ ತಪ್ಪೆಂಬಂತೆ ಬರೆದು ಕೈತೊಳೆದುಕೊಳ್ಳುವ ಅಧಿಕಾರ ನನಗಿಲ್ಲ. ಪಾಪನಿವೇದನೆಯ ಮುದ್ರೆ ಇರುವುದು ಕೇಳಿದ ಗುರುವಿನ ಬಾಯಿಗೆ, ನಿವೇದಿಸಿದವನ ಬಾಯಿಗಲ್ಲ. ಆದುದರಿಂದ ನನ್ನದನ್ನು ನಾನು ಹೇಳಬಹುದು.

ನಮ್ಮ ತಂದೆ ತೀರಿಕೊಂಡಾಗ ನಾನು ಗುರುವಾಗಿ ಕೆಲವು ವರ್ಷಗಳಾಗಿದ್ದವು. ಊರಿನಲ್ಲಿ ಹಳೆಯ ಮನೆ, ಎರಡು ಎಕರೆ ಗದ್ದೆ, ಅಷ್ಟಿಷ್ಟು ತೋಟ. ನಾವು ಮೂವರು ಮಕ್ಕಳು: ಅಣ್ಣ, ನಾನು, ತಂಗಿ. ನನಗೆ ಆಸ್ತಿ ಏಕೆಂದು ನನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟೆ. ಅದು ನನ್ನ ಇಷ್ಟ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಅಣ್ಣನ ಮಾತಿನಂತೆ ತಂಗಿಯನ್ನು ಕೂರಿಸಿಕೊಂಡು, ಲೋಕದ ಸಂಪತ್ತು ಶಾಶ್ವತವಲ್ಲವೆಂದೂ, ಮನೆಯ ಒಗ್ಗಟ್ಟು ದೊಡ್ಡದೆಂದೂ ಉಪದೇಶ ಮಾಡಿದೆ. ಅವಳು ಎದುರಾಡದೆ ಸಹಿ ಹಾಕಿದಳು. ನಾಲ್ಕೈದು ವರ್ಷಗಳಲ್ಲಿ ಅವಳ ಗಂಡ ತೀರಿಕೊಂಡ. ಎರಡು ಮಕ್ಕಳನ್ನು ಕಟ್ಟಿಕೊಂಡು ಹೊಲಿಗೆ ಯಂತ್ರದ ಮೇಲೆ ಸಂಸಾರ ಸಾಗಿಸಿದಳು. ಕ್ರಮೇಣ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ನನ್ನ ಗುರುದೀಕ್ಷೆಯ ಬೆಳ್ಳಿಹಬ್ಬಕ್ಕೂ ಬರಲಿಲ್ಲ. ಅವಳಿಗೆ ಹಟವೆಂದು ನಾನು ತಿಳಿದೆ. ತಂಗಿಯ ಮೇಲೆ ಬೇಸರಪಟ್ಟಿದ್ದೇನೆ ಎಂದು ಎಷ್ಟೋ ಬಾರಿ ಪಾಪನಿವೇದನೆಯಲ್ಲಿ ಹೇಳಿ ಕ್ಷಮೆ ಪಡೆದೆ.

ಒಮ್ಮೆ ಧ್ಯಾನಕೂಟದಲ್ಲಿ ವೃದ್ಧ ಗುರುಗಳೊಬ್ಬರ ಮುಂದೆ ಅದನ್ನೇ ನಿವೇದಿಸಿದೆ. ಅವರು ಬೇಸರದ ಬಗ್ಗೆ ಏನೂ ಹೇಳಲಿಲ್ಲ. "ಆಕೆ ಏಕೆ ಬರುತ್ತಿಲ್ಲ?" ಎಂದು ಕೇಳಿದರು. ಉತ್ತರಿಸಲು ಹೊರಟಾಗಲೇ, ಇಷ್ಟು ವರ್ಷ ನಾನು ಪಾಪದ ಹೊಗೆಯನ್ನು ನಿವೇದಿಸುತ್ತಾ ಬೆಂಕಿಯನ್ನು ಬಚ್ಚಿಟ್ಟಿದ್ದೇನೆ ಎಂಬುದು ಅರಿವಾಯಿತು. ಅವರು ಕೊಟ್ಟ ಪ್ರಾಯಶ್ಚಿತ್ತ ಜಪವಲ್ಲ. ಬಸ್ಸು ಹತ್ತಿ ತಂಗಿಯ ಮನೆಗೆ ಹೋಗುವುದು.

ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ಅವಳು ಒಳಗೆ ಕರೆದು ನೀರು ಕೊಟ್ಟಳು. ತಪ್ಪಾಯಿತು ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ನೀವು ಅಣ್ಣನಾಗಿ ಹೇಳಿದ್ದಿದ್ದರೆ ಅವತ್ತೇ ಜಗಳ ಆಡುತ್ತಿದ್ದೆ. ಸ್ವಾಮಿಗಳಾಗಿ ಹೇಳಿದಿರಿ. ದೇವರೇ ಹೇಳಿದ ಹಾಗೆ ಆಯಿತು. ಅದಕ್ಕೇ ಸಹಿ ಹಾಕಿದೆ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅಲ್ಲಿಂದ ಅಣ್ಣನ ಮನೆಗೆ ಹೋದೆ. ಮೊದಲ ಸಲ ಆತ ಸಿಟ್ಟಾದ. ಎರಡನೆಯ ಸಲ ಮೌನವಾಗಿದ್ದ. ಎರಡು ವರ್ಷಗಳ ನಂತರ ಗದ್ದೆಯ ಒಂದು ಭಾಗ ಮಾರಿದಾಗ ಸ್ವಲ್ಪ ಹಣವನ್ನು ತಂಗಿಯ ಹೆಸರಿನಲ್ಲಿ ಇಟ್ಟ. ಅದು ಅವಳಿಗೆ ಸಲ್ಲಬೇಕಾದ ಪೂರ್ತಿ ಪಾಲಲ್ಲ. ಅವಳು ಅಣ್ಣನ ಮನೆಯ ಹೊಸಿಲನ್ನು ಇನ್ನೂ ಪೂರ್ತಿ ದಾಟಿಲ್ಲ. ಆದರೆ ಹಬ್ಬದ ದಿನ ಫೋನು ಮಾಡುತ್ತಾಳೆ. ನನ್ನ ಪಾಪಕ್ಕೆ ದೇವರು ಅಂದೇ ಕ್ಷಮೆ ಕೊಟ್ಟರೆಂದು ನಂಬಿದ್ದೇನೆ. ನನ್ನ ಪಾಪ ಮಾಡಿದ ಹಾನಿ ಮಾತ್ರ ಇನ್ನೂ ರಿಪೇರಿಯಾಗುತ್ತಲೇ ಇದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಇದನ್ನೇ ಹೇಳುತ್ತದೆ. ಗುರುವಿನ ಕ್ಷಮಾವಚನ ಪಾಪವನ್ನು ಅಳಿಸುತ್ತದೆ, ಪಾಪದಿಂದಾದ ಅವ್ಯವಸ್ಥೆಯನ್ನೆಲ್ಲ ಸರಿಪಡಿಸುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸುವುದು, ಕೆಡಿಸಿದ ಹೆಸರನ್ನು ಸರಿಪಡಿಸುವುದು, ಗಾಯಕ್ಕೆ ಪರಿಹಾರ ಕೊಡುವುದು ನಮ್ಮ ಕರ್ತವ್ಯವಾಗಿಯೇ ಉಳಿಯುತ್ತದೆ.

ಇನ್ನು ನೊಂದವರ ಪರವಾಗಿ ಎರಡು ಮಾತು. ಕ್ಷಮಿಸಿಬಿಡು ಎಂದು ಉಪದೇಶಿಸುವುದು ಸುಲಭ. ಆ ಉಪದೇಶವನ್ನು ನಾವು ಅನೇಕ ವೇಳೆ ಬಲಹೀನರಿಗೇ ಮಾಡುತ್ತೇವೆ. ಕುಡಿದು ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು ಕ್ಷಮೆಯ ಹೆಸರಿನಲ್ಲಿ ಹಿಂದಕ್ಕೆ ಕಳುಹಿಸುವುದು ಸಂಧಾನವಲ್ಲ. ಮಗುವಿಗೆ ಅಥವಾ ಮಹಿಳೆಗೆ ಅಪಚಾರವೆಸಗಿದವನನ್ನು, ಅವನು ಯಾರೇ ಆಗಿರಲಿ, ಮುಚ್ಚಿಡುವುದು ಕ್ಷಮೆಯಲ್ಲ. ಜಗದ್ಗುರು ದ್ವಿತೀಯ ಜಾನ್ ಪೌಲರು ತಮ್ಮ ಮೇಲೆ 1981ರ ಮೇ 13ರಂದು ಗುಂಡು ಹಾರಿಸಿದ ಅಲಿ ಅಗ್ಜಾನನ್ನು 1983ರ ಡಿಸೆಂಬರ್ 27ರಂದು ಸೆರೆಮನೆಯ ಕೋಣೆಯಲ್ಲಿ ಕಂಡು ಮಾತನಾಡಿದರು. ಆದರೆ ಇಟಲಿಯ ಸೆರೆಮನೆಯಿಂದ ಆತ ಹೊರಬಂದದ್ದು 2000ರಲ್ಲಿ. ಕ್ಷಮೆ ಹೃದಯದ ಬಾಗಿಲನ್ನು ತೆರೆಯುತ್ತದೆ. ಕಾನೂನಿನ ಬಾಗಿಲನ್ನು ಮುಚ್ಚುವುದಿಲ್ಲ.

ನಿಜವಾದ ಸಂಧಾನ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನಮ್ಮ ದೇಶವೇ ಕಂಡಿದೆ. ಮಧ್ಯಪ್ರದೇಶದಲ್ಲಿ ಬಡ ಕೃಷಿಕರ ಪರವಾಗಿ ದುಡಿಯುತ್ತಿದ್ದ ಕೇರಳ ಮೂಲದ ಸಿಸ್ಟರ್ ರಾಣಿ ಮರಿಯ ಅವರನ್ನು 1995ರ ಫೆಬ್ರವರಿ 25ರಂದು ಬಸ್ ಪ್ರಯಾಣದಲ್ಲಿ ಸಮುಂದರ್ ಸಿಂಗ್ ಎಂಬಾತ ಚೂರಿಯಿಂದ ಇರಿದು ಕೊಂದನು. ರಾಣಿ ಮರಿಯ ಅವರ ಒಡಹುಟ್ಟಿದ ತಂಗಿ, ತಾವೂ ಕನ್ಯಾಸ್ತ್ರೀಯಾದ ಸಿಸ್ಟರ್ ಸೆಲ್ಮಿ ಪೌಲ್, 2002ರಲ್ಲಿ ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಸಹೋದರನೆಂದು ಕರೆದರು. 2006ರಲ್ಲಿ ಬಿಡುಗಡೆಯಾದ ಆತ ಕೇರಳದ ಅವರ ಮನೆಯವರೆಗೂ ಪ್ರಯಾಣ ಮಾಡಿ ತಂದೆತಾಯಿಯರ ಕ್ಷಮೆ ಬೇಡಿದನು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಧರ್ಮಸಭೆ ರಾಣಿ ಮರಿಯ ಅವರನ್ನು ಪುನೀತೆಯೆಂದು ಘೋಷಿಸಿತು. ಈ ಘಟನೆಯಲ್ಲಿ ನಾವು ಸಾಮಾನ್ಯವಾಗಿ ತಂಗಿಯ ಔದಾರ್ಯವನ್ನು ಮೆಚ್ಚುತ್ತೇವೆ; ಮೆಚ್ಚಬೇಕಾದದ್ದೇ. ಆದರೆ ಕೊಂದವನು ಆ ಮನೆಯ ಬಾಗಿಲವರೆಗೆ ನಡೆದು ಹೋದನೆಂಬುದನ್ನು ಮರೆಯದಿರೋಣ. ಕ್ಷಮಿಸಲಾಗಿದೆ ಎಂದು ತಿಳಿದ ಮೇಲೂ ಅವನು ಹೋದನು. ನಾವಾದರೋ ಎರಡು ಬೀದಿ ಆಚೆಗೆ ಇರುವ ಅಣ್ಣನ ಮನೆಗೆ ಹೋಗಲಾರೆವು.

ಆದುದರಿಂದ ಪ್ರಿಯ ಬಂಧುಗಳೇ, ಈ ವರ್ಷ ಹರಿಹರಕ್ಕೆ ಹೊರಡುವ ಮೊದಲು ಮನೆಯ ದೀಪದ ಮುಂದೆ ಕುಟುಂಬವೆಲ್ಲ ಕುಳಿತು ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಮೇಲೆ ಯಾರಿಗೆ ದೂರು ಇದೆ? ಒಂದು ಹೆಸರು ಬಂದೇ ಬರುತ್ತದೆ. ಪಾಪನಿವೇದನೆಗೆ ಬಂದಾಗ ಕೋಪ, ಅಸೂಯೆ ಎಂಬ ಸಾಮಾನ್ಯ ಪದಗಳಲ್ಲಿ ಅದನ್ನು ಅಡಗಿಸದೆ, ಏನು ಮಾಡಿದಿರೋ ಅದನ್ನೇ ಹೇಳಿ. ಇನ್ನೊಬ್ಬರ ಹೆಸರು ಹೇಳಬೇಕಾಗಿಲ್ಲ, ನಿಮ್ಮ ಕೃತ್ಯವನ್ನು ಹೇಳಿದರೆ ಸಾಕು. ಹಿಂದಿರುಗಿಸಬೇಕಾದದ್ದು ಇದ್ದರೆ ಹೇಗೆಂದು ಗುರುವನ್ನು ಕೇಳಿ. ಪೂರ್ತಿ ಕೊಡಲಾಗದಿದ್ದರೆ ಆದಷ್ಟನ್ನು ಕೊಡಿ. ನೊಂದವರು ತೀರಿಕೊಂಡಿದ್ದರೆ ಅವರ ಮಕ್ಕಳಿಗೆ, ಅವರೂ ಇಲ್ಲದಿದ್ದರೆ ಬಡವರಿಗೆ ಸಲ್ಲಿಸಿ. ಹೋದ ಮನೆಯ ಬಾಗಿಲು ತೆರೆಯದಿದ್ದರೆ ನಿರಾಶರಾಗಬೇಡಿ. ಬಾಗಿಲು ತಟ್ಟುವುದು ನಿಮ್ಮ 'ಪಾಲು', ತೆರೆಯುವ ಹೊತ್ತನ್ನು ಆರಿಸುವುದು ಅವರ ಹಕ್ಕು.

ಸೆಪ್ಟೆಂಬರ್ 8 ಕರಾವಳಿಯಿಂದ ಬಂದು ಇಲ್ಲಿ ನೆಲೆಸಿರುವ ಕುಟುಂಬಗಳಿಗೆ ತೆನೆ ಹಬ್ಬವೂ ಹೌದು. ಪೂಜೆಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಪಾಯಸಕ್ಕೆ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆ ದಿನ ಊಟದ ಎಲೆಗಳನ್ನು ಹಾಕುವಾಗ ಯಾರ ಎಲೆ ಇಲ್ಲವೆಂದು ಗಮನಿಸಿರಿ.

ಹರಿಹರ ಎಂಬ ಊರಿನ ಹೆಸರೇ ಹರಿ ಮತ್ತು ಹರರನ್ನು ಒಂದೇ ಮೂರ್ತಿಯಲ್ಲಿ ಕಂಡ ಜನರ ಕಾಣಿಕೆ; ಹೊಯ್ಸಳರ ಕಾಲದಲ್ಲಿ, ಹದಿಮೂರನೆಯ ಶತಮಾನದಲ್ಲಿ, ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇಗುಲ ಅಲ್ಲಿದೆ. ಆ ಊರನ್ನು ತೊಳೆದು ಹರಿಯುವ ನದಿಯೂ ಒಂದಲ್ಲ, ಎರಡು. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡುತ್ತವೆ. ಹರಿಹರ ತಲುಪುವ ಹೊತ್ತಿಗೆ ಯಾವ ನೀರು ಯಾವುದೆಂದು ಹೇಳಲಾಗದು. ಆ ದಡದಲ್ಲಿ ನಿಂತು ಆರೋಗ್ಯಮಾತೆಯಲ್ಲಿ ದೇಹದ ಆರೋಗ್ಯವನ್ನು ಬೇಡುವ ನಾವು, ಒಡೆದ ಮನೆಗಳ ಆರೋಗ್ಯವನ್ನೂ ಬೇಡೋಣ. ಬೇಡುವುದಕ್ಕೆ ಮುನ್ನ, ಆ ಮನೆಗೆ ಒಮ್ಮೆ ಹೋಗಿ ಬರೋಣ.

ಪ್ರಭುವಿನ ಶಾಂತಿ ನಿಮ್ಮ ಮನೆಗಳಲ್ಲಿ ನೆಲೆಸಲಿ.